ನವಸಾಗರ, ಪಟಿಕ ಮತ್ತು ಐದು ಅಂಕ

ಹೈದರಾಬಾದಿನ ಬೇಗಂ ಬಜಾರ್ ಎಂದರೆ ಕಿರಾಣಿ, ಮಸಾಲೆ, ಒಣಹಣ್ಣು, ಪಾತ್ರೆಪಗಡಗಳ ಸಗಟು ವ್ಯಾಪಾರ. ಎರಡನೇ ಅಸಫ್ ಜಾ ನಿಜಾಮ್ ಅಲಿ ಖಾನನ ಪತ್ನಿ ಹಮ್ದಾ ಬೇಗಂ ವ್ಯಾಪಾರಿಗಳಿಗೆಂದು ಬಿಟ್ಟುಕೊಟ್ಟ ಜಾಗವಿದು, ಹೆಸರು ಬಂದದ್ದೂ ಅವಳಿಂದಲೇ ಎನ್ನುತ್ತಾರೆ. ಇಲ್ಲಿನ ಗೋಣಿಚೀಲ, ಡಬ್ಬಗಳನ್ನು ಪ್ರೌಢಶಾಲೆಯ ರಸಾಯನಶಾಸ್ತ್ರ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದರೆ ಪಾಠಕ್ಕೊಂದು ಸರಕು ಸಿಗುತ್ತದೆ. ಹುಣಸೆಹಣ್ಣಿನಲ್ಲಿ ಟಾರ್ಟಾರಿಕ್ ಆಮ್ಲ, ನಿಂಬೆಉಪ್ಪಿನಲ್ಲಿ ಸಿಟ್ರಿಕ್ ಆಮ್ಲ. ಅರಿಶಿನ ಕ್ಷಾರ ತಾಗಿದರೆ ಕೆಂಪಾಗುವ ಸೂಚಕ. ಕುಂಕುಮದ ಹುಟ್ಟೇ ಆ ಗುಣದಿಂದ. ಪಟಿಕ ಅಲ್ಯೂಮಿನಿಯಂ ಮತ್ತು ಪೊಟ್ಯಾಸಿಯಂಗಳ ಜೋಡಿ ಲವಣ. ಕರ್ಪೂರ ಕರಗದೆಯೇ ಆವಿಯಾಗುತ್ತದೆ. ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಲೋಹ, ಅದರ ಒಳಮೈಗೆ ಬಳಿದ ಕಲಾಯಿ ತವರ. ಇದೇ ವಸ್ತುಗಳು ಹತ್ತನೇ ತರಗತಿಯ ಪುಸ್ತಕದಲ್ಲಿ ಅಕ್ಷರ ಮತ್ತು ಅಂಕಿಗಳ ಸೂತ್ರಗಳಾಗಿ ಬರುತ್ತವೆ. ಅಂಗಡಿಯ ಮೇಲಿನ ಮನೆಯಲ್ಲೇ ಬೆಳೆದ ಹುಡುಗನಿಗೂ ಸೂತ್ರದಲ್ಲಿರುವ ವಸ್ತು ಕೆಳಗಿನ ಗಲ್ಲೆಯ ಪಕ್ಕದಲ್ಲಿದೆ ಎಂದು ಹೇಳುವವರು ಕಡಿಮೆ.

ಕನ್ನಡ ಓದುಗರಿಗೆ ಇದು ದೂರದ ಊರಿನ ಸಮಾಚಾರವಲ್ಲ. ಬೀದರ್, ಕಲಬುರಗಿ, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಜಿಲ್ಲೆಗಳೇ ಆಗಿದ್ದವು. ಆ ಕಡೆಯ ವ್ಯಾಪಾರಕ್ಕೆ ಈ ಪೇಟೆಯ ನಂಟು ಹಳೆಯದು. ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಕಾಚಿಗುಡದಲ್ಲಿ ಕನ್ನಡಿಗರು ಕಟ್ಟಿದ ನೃಪತುಂಗ ಶಾಲೆಯಿದೆ. ರಸಾಯನಶಾಸ್ತ್ರವನ್ನು ಪ್ರಾಜೆಕ್ಟುಗಳ ಮೂಲಕ ಕಲಿಸುವುದು ಸಾಧ್ಯವೇ, ಸಾಧುವೇ ಎಂಬ ಚರ್ಚೆಗೆ ಇಂಥ ಪೇಟೆ, ಇಂಥ ಶಾಲೆಗಳಿಗಿಂತ ಒಳ್ಳೆಯ ಒರೆಗಲ್ಲು ಸಿಗಲಾರದು. ಹಣ, ಉಪಕರಣ, ರಾಸಾಯನಿಕಗಳ ಕೊರತೆ ಎಂಬ ಮಾಮೂಲಿ ನೆಪ ಇಲ್ಲಿ ಅರ್ಧಕ್ಕರ್ಧ ಬಿದ್ದುಹೋಗುತ್ತದೆ. ಉಳಿಯುವ ಕಷ್ಟ ಬೇರೆ ಬಗೆಯದು, ಈ ಲೇಖನ ಅದರ ಬಗ್ಗೆ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಪ್ರಾಜೆಕ್ಟ್ ಎಂಬುದು ನಮ್ಮ ಶಾಲೆಗಳಿಗೆ ಹೊಸದಾಗಿ ಬರಬೇಕಾದ ವಿದೇಶಿ ಸರಕೇನೂ ಅಲ್ಲ, ಅದು ಆಗಲೇ ಅಂಕಪಟ್ಟಿಯಲ್ಲಿ ಕೂತಿದೆ. ತೆಲಂಗಾಣದ ಶಾಲೆಗಳ ಎಫ್.ಎ. ಎಂಬ 20 ಅಂಕಗಳ ಆಂತರಿಕ ಮೌಲ್ಯಮಾಪನದಲ್ಲಿ ನಾಲ್ಕು ಭಾಗಗಳಿವೆ: ತರಗತಿಯ ಭಾಗವಹಿಸುವಿಕೆ, ಬರವಣಿಗೆ, ಪ್ರಾಜೆಕ್ಟ್, ಸ್ಲಿಪ್ ಟೆಸ್ಟ್. ಪ್ರಾಜೆಕ್ಟಿಗೆ ಐದು ಅಂಕ. ಕರ್ನಾಟಕದ ಎಸ್ಸೆಸ್ಸೆಲ್ಸಿಯಲ್ಲೂ 20 ಅಂಕ ಆಂತರಿಕವೇ. ಹಾಗಾದರೆ ಆ ಐದು ಅಂಕಕ್ಕೆ ಮಕ್ಕಳು ಮಾಡುವುದೇನು? ಥರ್ಮಾಕೋಲಿನ ಮೇಲೆ ಬಣ್ಣದ ಚೆಂಡುಗಳ ಮೀಥೇನ್ ಅಣು, ಸ್ಕೆಚ್ ಪೆನ್ನಿನಲ್ಲಿ ಬರೆದ ಆವರ್ತ ಕೋಷ್ಟಕ, ಅಂತರ್ಜಾಲದಿಂದ ಇಳಿಸಿಕೊಂಡ ನಾಲ್ಕು ಪುಟ. ಅಂಕವಂತೂ ಬಹುಪಾಲು ಎಲ್ಲರಿಗೂ ಐದಕ್ಕೆ ಐದು. 2024ರ ನವೆಂಬರಿನಲ್ಲಿ ತೆಲಂಗಾಣ ಸರ್ಕಾರ ಹತ್ತನೇ ತರಗತಿಯ ಆಂತರಿಕ ಅಂಕಗಳನ್ನೇ ರದ್ದುಮಾಡಿ ಪೂರ್ತಿ 100 ಅಂಕಕ್ಕೆ ಪರೀಕ್ಷೆ ನಡೆಸುವ ಆದೇಶ ಹೊರಡಿಸಿತು, ಮರುದಿನವೇ ಆ ವರ್ಷದ ಮಟ್ಟಿಗೆ ಅದನ್ನು ತಡೆಹಿಡಿಯಿತು. ಆದೇಶದ ಹಿಂದಿದ್ದ ಅಸಮಾಧಾನ ಅರ್ಥವಾಗುವಂಥದ್ದೇ. ಕೊಟ್ಟದ್ದಕ್ಕೆಲ್ಲ ಪೂರ್ಣ ಅಂಕ ಬೀಳುವುದಾದರೆ ಆ ಅಂಕ ಏನನ್ನೂ ಅಳೆಯುತ್ತಿಲ್ಲ.

ಕೊರತೆ ಇರುವುದು ಪ್ರಶ್ನೆಯದು. ಉತ್ತರ ಮೊದಲೇ ಗೊತ್ತಿರುವ ವಿಷಯವನ್ನು ಅಂದವಾಗಿ ಮತ್ತೊಮ್ಮೆ ಬರೆಯುವುದನ್ನು ಪ್ರಾಜೆಕ್ಟ್ ಎಂದು ಕರೆದದ್ದರಿಂದಲೇ ಈ ದುರ್ಗತಿ. ನನ್ನ ವಾದ ಇಷ್ಟು: ರಸಾಯನಶಾಸ್ತ್ರದ ಪ್ರಾಜೆಕ್ಟ್ ಎನಿಸಿಕೊಳ್ಳಬೇಕಾದರೆ ಅದು ಕೈಗೆ ಸಿಗುವ ಒಂದು ವಸ್ತುವಿನ ಬಗ್ಗೆ ಕೇಳಿದ ಪ್ರಶ್ನೆಯಿಂದ ಹೊರಡಬೇಕು, ಅಳತೆ ಮಾಡಿ ಪಡೆದ ಒಂದು ಸಂಖ್ಯೆಗೆ ಬಂದು ನಿಲ್ಲಬೇಕು, ಆ ಸಂಖ್ಯೆಯನ್ನು ಎಷ್ಟು ನಂಬಬಹುದು ಎಂದು ಹೇಳುವ ಹೊಣೆ ವಿದ್ಯಾರ್ಥಿಯ ಮೇಲಿರಬೇಕು. ಈ ಮೂರೂ ಇದ್ದರೆ ಪಠ್ಯಪುಸ್ತಕದ ಸೂತ್ರಗಳು ತಾವಾಗಿ ಅದರೊಳಕ್ಕೆ ಬರುತ್ತವೆ. ಇಲ್ಲದಿದ್ದರೆ ಉಳಿಯುವುದು ಕರಕುಶಲ ಪ್ರದರ್ಶನ ಮಾತ್ರ.

ಪಾತ್ರೆ ಅಂಗಡಿಯಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ, ಮಜ್ಜಿಗೆ ಇಡಬಾರದು ಎಂಬುದು ಅಜ್ಜಿಯರ ಕಟ್ಟಪ್ಪಣೆ. ಇಟ್ಟರೆ ‘ಕಿಲುಬು ಹಿಡಿಯುತ್ತದೆ.’ ಹತ್ತನೇ ತರಗತಿಯ ಪುಸ್ತಕ ಬೇರೆಯೇ ಮಾತು ಹೇಳುತ್ತದೆ: ಲೋಹಗಳ ಕ್ರಿಯಾಶೀಲತೆಯ ಸರಣಿಯಲ್ಲಿ ತಾಮ್ರ ಹೈಡ್ರೋಜನ್‌ಗಿಂತ ಕೆಳಗಿದೆ, ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತಾಮ್ರದ ಚೂರು ಹಾಕಿದರೆ ಗುಳ್ಳೆ ಬರುವುದಿಲ್ಲ, ಆದ್ದರಿಂದ ಅದು ವರ್ತಿಸುವುದಿಲ್ಲ. ಪ್ರಬಲ ಆಮ್ಲಕ್ಕೇ ಜಗ್ಗದ ತಾಮ್ರ ಮಜ್ಜಿಗೆಗೆ ಏಕೆ ಕರಗಬೇಕು? ಅಜ್ಜಿ ತಪ್ಪೋ, ಪುಸ್ತಕ ತಪ್ಪೋ? ಹೀಗೆ ಎರಡು ನಂಬಲರ್ಹ ಮಾತುಗಳು ಎದುರುಬದುರು ನಿಂತಾಗ ಹುಟ್ಟುವ ಪ್ರಶ್ನೆ ನಿಜವಾದ ಪ್ರಶ್ನೆ. ಉತ್ತರ ಹುಡುಕಲು ಬೇಕಾದದ್ದು ಮೂರು ಸಣ್ಣ ಗಾಜಿನ ಸೀಸೆ, ಒಂದಿಷ್ಟು ವಿನೆಗರ್, ತಾಮ್ರದ ತಂತಿ, ಹಿತ್ತಾಳೆಯ ಒಂದು ತುಂಡು. ಮೊದಲ ಸೀಸೆಯಲ್ಲಿ ಕುದಿಸಿ ಆರಿಸಿದ ವಿನೆಗರನ್ನು ಕಂಠದವರೆಗೆ ತುಂಬಿ, ತಂತಿ ಮುಳುಗಿಸಿ, ಗಾಳಿ ಉಳಿಯದಂತೆ ಬಿರಡೆ ಬಿಗಿಯಬೇಕು. ಎರಡನೆಯದರಲ್ಲಿ ಅದೇ ಉದ್ದದ ತಂತಿ, ಆದರೆ ಅರ್ಧ ವಿನೆಗರ್, ಅರ್ಧ ಗಾಳಿ. ಮೂರನೆಯದರಲ್ಲಿ ಹಿತ್ತಾಳೆ. ಕೆಲವು ದಿನ ಕಳೆದರೆ ಗಾಳಿಯಿರುವ ಸೀಸೆ ಹಸಿರು-ನೀಲಿಗೆ ತಿರುಗುತ್ತದೆ, ಗಾಳಿಯಿಲ್ಲದ್ದು ಬಹುಮಟ್ಟಿಗೆ ತಿಳಿಯಾಗಿಯೇ ಉಳಿಯುತ್ತದೆ. ತಾಮ್ರ ಆಮ್ಲದಿಂದ ಹೈಡ್ರೋಜನ್ನನ್ನು ಹೊರದೂಡಲಾರದು ಎಂಬ ಪುಸ್ತಕದ ಮಾತು ಸರಿ. ಆದರೆ ಗಾಳಿಯ ಆಮ್ಲಜನಕ ತಾಮ್ರವನ್ನು ಉತ್ಕರ್ಷಿಸುತ್ತದೆ, ಹಾಗೆ ಉಂಟಾದದ್ದನ್ನು ಆಮ್ಲ ಕರಗಿಸಿಕೊಳ್ಳುತ್ತದೆ. ಅಜ್ಜಿಯ ಮಾತೂ ಸರಿಯೇ.

ಇಲ್ಲಿಗೆ ನಿಲ್ಲಿಸಿದರೆ ಅದು ಒಳ್ಳೆಯ ಪ್ರಯೋಗ, ಇನ್ನೂ ಪ್ರಾಜೆಕ್ಟ್ ಆಗಿಲ್ಲ. ಎಷ್ಟು ತಾಮ್ರ ಕರಗಿತು ಎಂಬುದು ಮುಂದಿನ ಪ್ರಶ್ನೆ. ಅದಕ್ಕೂ ಮೈಲುತುತ್ತ (ತಾಮ್ರದ ಸಲ್ಫೇಟ್) ಸಾಕು. ಅದರ ಹರಳಿನ ತೂಕದಲ್ಲಿ ಸುಮಾರು ಕಾಲುಭಾಗ ತಾಮ್ರ ಎಂಬುದನ್ನು ಪರಮಾಣು ರಾಶಿಗಳಿಂದ ವಿದ್ಯಾರ್ಥಿಯೇ ಲೆಕ್ಕ ಹಾಕಬಲ್ಲ. ಲೀಟರ್ ನೀರಿಗೆ ನಾಲ್ಕು ಗ್ರಾಂ ಹಾಕಿದರೆ ಹೆಚ್ಚುಕಡಿಮೆ 1000 ಮಿಲಿಗ್ರಾಂ ತಾಮ್ರ. ಅದನ್ನು ಅರ್ಧರ್ಧ ಮಾಡುತ್ತ ಹೋದರೆ 500, 250, 125, 62. ಪ್ರತಿಯೊಂದಕ್ಕೂ ಸಮ ಅಳತೆಯ ಅಮೋನಿಯಾ ದ್ರಾವಣ ಸೇರಿಸಿದಾಗ ಗಾಢ ನೀಲಿಯಿಂದ ತೆಳು ನೀಲಿಯವರೆಗೆ ಬಣ್ಣದ ಒಂದು ಮೆಟ್ಟಿಲುಸಾಲು ಸಿಗುತ್ತದೆ. ಸೀಸೆಯ ವಿನೆಗರಿಗೂ ಹಾಗೆಯೇ ಅಮೋನಿಯಾ ಸೇರಿಸಿ ಆ ಸಾಲಿನಲ್ಲಿ ಎಲ್ಲಿ ಕೂರುತ್ತದೆ ಎಂದು ನೋಡುವುದು. ಈಗ ಅತಿ ಮುಖ್ಯವಾದ ಹೆಜ್ಜೆ. ಕುಡಿಯುವ ನೀರಿನಲ್ಲಿ ತಾಮ್ರಕ್ಕೆ ಭಾರತೀಯ ಮಾನಕ ಒಪ್ಪುವ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅಷ್ಟು ಕಡಿಮೆ ತಾಮ್ರದ ಬಣ್ಣವನ್ನು ಪ್ರನಾಳದಲ್ಲಿ ಬರಿಗಣ್ಣು ಗುರುತಿಸುವುದು ಕಷ್ಟ. ಅಂದರೆ ‘ಬಣ್ಣ ಕಾಣಲಿಲ್ಲ’ ಎಂಬುದು ‘ಅಪಾಯವಿಲ್ಲ’ ಎಂಬುದಕ್ಕೆ ಸಮವಲ್ಲ. ತನ್ನ ವಿಧಾನ ಎಲ್ಲಿ ಕುರುಡಾಗುತ್ತದೆ ಎಂದು ಹದಿನೈದು ವರ್ಷದ ಹುಡುಗಿ ತನ್ನ ಮಾತಿನಲ್ಲಿ ಹೇಳಿದರೆ ಅವಳು ವಿಜ್ಞಾನ ಕಲಿತಳು ಎಂದೇ ಅರ್ಥ. ಆ ಒಂದು ವಾಕ್ಯವನ್ನು ಯಾವ ಚಾರ್ಟೂ ಬರೆಸಲಾರದು.

ಇಂಥ ಕಲಿಕೆಯಿಂದ ನಿಜಕ್ಕೂ ಪ್ರಯೋಜನವಿದೆಯೇ, ಅಥವಾ ಇದು ಶಿಕ್ಷಣತಜ್ಞರ ಹಗಲುಗನಸೇ? ಸಾಕ್ಷ್ಯ ಎರಡೂ ಕಡೆ ಇದೆ, ಎರಡನ್ನೂ ನೋಡಬೇಕು. ಅಮೆರಿಕದ ಮಿಷಿಗನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳ 61 ಶಾಲೆಗಳಲ್ಲಿ 4,238 ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಬಾರ್ಬರಾ ಶ್ನೈಡರ್, ಜೋಸೆಫ್ ಕ್ರಾಚಿಕ್ ಮತ್ತು ಸಂಗಡಿಗರು ಪ್ರೌಢಶಾಲೆಯ ರಸಾಯನ ಮತ್ತು ಭೌತ ವಿಜ್ಞಾನಗಳನ್ನು ಪ್ರಾಜೆಕ್ಟ್ ಆಧಾರದಲ್ಲಿ ಕಲಿಸಿ, ಶಾಲೆಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಿದರು. ಪ್ರಾಜೆಕ್ಟ್ ಗುಂಪಿನ ಮಕ್ಕಳು 0.20 ಪ್ರಮಾಣ ವಿಚಲನೆಯಷ್ಟು ಮುಂದಿದ್ದರು. ಬಿಡಿಸಿ ಹೇಳಬೇಕೆಂದರೆ, ಕೆಳಗಿನಿಂದ ಎಣಿಸಿ ನೂರು ಮಕ್ಕಳ ಸಾಲಿನಲ್ಲಿ 50ನೆಯ ಜಾಗದಲ್ಲಿದ್ದವನು ಸುಮಾರು 58ಕ್ಕೆ ಏರುತ್ತಾನೆ. ಪವಾಡವೇನಲ್ಲ. ಆದರೆ ಅಷ್ಟು ದೊಡ್ಡ ಪ್ರಮಾಣದಲ್ಲಿ ಅಷ್ಟು ಸಿಗುವುದು ಶಿಕ್ಷಣದಲ್ಲಿ ಅಪರೂಪ. ಇನ್ನೊಂದು ಕಡೆ, ಇಂಗ್ಲೆಂಡಿನ ಎಜುಕೇಷನ್ ಎಂಡೋಮೆಂಟ್ ಫೌಂಡೇಷನ್ ಹನ್ನೊಂದು-ಹನ್ನೆರಡು ವಯಸ್ಸಿನ ಮಕ್ಕಳ ಪ್ರಾಜೆಕ್ಟ್ ಕಲಿಕೆಯ ಬಗ್ಗೆ 2016ರಲ್ಲಿ ಹೊರತಂದ ವರದಿ ನಿರಾಶೆ ತರುವಂಥದ್ದು. ಓದು-ಬರಹದ ಮಟ್ಟದಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. ಶಾಲೆಯಲ್ಲಿ ಉಚಿತ ಊಟ ಪಡೆಯುವ ಬಡ ಮಕ್ಕಳಿಗೆ ನಷ್ಟವೇ ಆಗಿರಬಹುದು ಎಂಬ ಸೂಚನೆಯಿತ್ತು. ಅದನ್ನು ನಡೆಸಬೇಕಿದ್ದ ಶಾಲೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಧ್ಯದಲ್ಲೇ ಕೈಬಿಟ್ಟವು.

ಎರಡರ ನಡುವಿನ ವ್ಯತ್ಯಾಸದಲ್ಲೇ ನಮಗೆ ಪಾಠವಿದೆ. ಅಮೆರಿಕದ ಪ್ರಯತ್ನದಲ್ಲಿ ವಿಷಯ ಖಚಿತವಾಗಿತ್ತು, ಪಾಠಗಳು ಹೆಜ್ಜೆಹೆಜ್ಜೆಯಾಗಿ ಬರೆದಿದ್ದವು, ಶಿಕ್ಷಕರಿಗೆ ವರ್ಷದುದ್ದಕ್ಕೂ ತರಬೇತಿ ಮತ್ತು ನೆರವು ಇತ್ತು. ಪ್ರಾಜೆಕ್ಟ್ ವಿರೋಧಿಗಳು ಸದಾ ಮುಂದಿಡುವ ಲೇಖನವೊಂದಿದೆ. ಪಾಲ್ ಕಿರ್ಷ್‌ನರ್, ಜಾನ್ ಸ್ವೆಲರ್, ರಿಚರ್ಡ್ ಕ್ಲಾರ್ಕ್ 2006ರಲ್ಲಿ ಬರೆದದ್ದು. ಮಾರ್ಗದರ್ಶನ ಕಡಿಮೆಯಾದಷ್ಟೂ ಹೊಸಬನ ನೆನಪಿನ ಶಕ್ತಿಯ ಮೇಲೆ ಭಾರ ಹೆಚ್ಚಿ ಕಲಿಕೆ ಕೆಡುತ್ತದೆ ಎಂಬುದು ಅವರ ಮುಖ್ಯ ಮಾತು. ಇದನ್ನು ಅಲ್ಲಗಳೆಯುವ ಅಗತ್ಯ ನನಗೆ ಕಾಣುವುದಿಲ್ಲ. ಮಗುವಿನ ಕೈಗೆ ವಿನೆಗರ್ ಸೀಸೆ ಕೊಟ್ಟು ‘ಏನಾದರೂ ಕಂಡುಹಿಡಿ’ ಎಂದರೆ ಅದು ಏನನ್ನೂ ಕಂಡುಹಿಡಿಯುವುದಿಲ್ಲ. ಗಾಳಿಯಿಲ್ಲದ ಸೀಸೆಯೊಂದು ಬೇಕು ಎಂಬ ಯೋಚನೆ ತರಗತಿಯ ಚರ್ಚೆಯಲ್ಲಿ ಹುಟ್ಟುವಂತೆ ಶಿಕ್ಷಕ ಹಾದಿ ಹಾಕಬೇಕು. ಹುಟ್ಟದಿದ್ದರೆ ತಾನೇ ಹೇಳಬೇಕು. ಪ್ರಾಜೆಕ್ಟ್ ಎಂದರೆ ಶಿಕ್ಷಕನ ರಜೆ ಎಂದುಕೊಂಡವರು ಎರಡೂ ಬಣಗಳಲ್ಲಿದ್ದಾರೆ.

ಇದಕ್ಕಿಂತ ಆಳವಾದ ಆಕ್ಷೇಪ ರಸಾಯನಶಾಸ್ತ್ರದ ಸ್ವಭಾವದಿಂದಲೇ ಬರುತ್ತದೆ. ಗ್ಲಾಸ್ಗೋ ವಿಶ್ವವಿದ್ಯಾಲಯದ ಅಲೆಕ್ಸ್ ಜಾನ್‌ಸ್ಟನ್ 1991ರಲ್ಲಿ ಈ ವಿಷಯ ಏಕೆ ಕಷ್ಟ ಎಂಬುದನ್ನು ಒಂದು ತ್ರಿಕೋನದಲ್ಲಿ ವಿವರಿಸಿದರು: ಕಣ್ಣಿಗೆ ಕಾಣುವ ವಸ್ತು ಒಂದು ಮೂಲೆ, ಕಾಣದ ಅಣು-ಅಯಾನುಗಳು ಇನ್ನೊಂದು, ಸಂಕೇತ ಮತ್ತು ಸಮೀಕರಣಗಳು ಮೂರನೆಯದು. ರಸಾಯನಶಾಸ್ತ್ರಜ್ಞ ಮೂರರ ನಡುವೆ ಸಲೀಸಾಗಿ ಓಡಾಡುತ್ತಾನೆ, ಮಗು ಎಡವುತ್ತದೆ. ಪ್ರಾಜೆಕ್ಟುಗಳು ಮಗುವನ್ನು ಮೊದಲ ಮೂಲೆಯಲ್ಲೇ ಕೂರಿಸಿಬಿಡುತ್ತವೆ. ಸೋಪು ಮಾಡಿದ ಮಾತ್ರಕ್ಕೆ ಎಸ್ಟರ್ ಎಂದರೇನೆಂದು ತಿಳಿಯುವುದಿಲ್ಲ ಎಂಬ ಟೀಕೆ ನ್ಯಾಯವಾದದ್ದು. ಇಂಗ್ಲೆಂಡಿನ ಯಾರ್ಕಿನಲ್ಲಿ 1980ರ ದಶಕದಲ್ಲಿ ಶುರುವಾದ ಸಾಲ್ಟರ್ಸ್ ಪಠ್ಯಕ್ರಮ ದಿನಬಳಕೆಯ ವಸ್ತುಗಳಿಂದ ರಸಾಯನಶಾಸ್ತ್ರ ಕಲಿಸಿತು. ಇಂಥ ಪಠ್ಯಕ್ರಮಗಳ ಬಗೆಗಿನ 17 ಅಧ್ಯಯನಗಳನ್ನು ಒಟ್ಟುಮಾಡಿ ಜುಡಿತ್ ಬೆನೆಟ್ ಮತ್ತು ಸಂಗಡಿಗರು 2007ರಲ್ಲಿ ಕಂಡದ್ದು ಏನೆಂದರೆ, ಮಕ್ಕಳಿಗೆ ವಿಷಯದ ಮೇಲಿನ ಒಲವು ಹೆಚ್ಚುತ್ತದೆ, ತಿಳಿವಳಿಕೆ ಸಾಂಪ್ರದಾಯಿಕ ತರಗತಿಯಷ್ಟೇ ಇರುತ್ತದೆ. ಅಂದರೆ ದಿನಬಳಕೆಯ ವಸ್ತುವನ್ನು ತಂದಿಟ್ಟ ಮಾತ್ರಕ್ಕೆ ತಿಳಿವಳಿಕೆ ಹೆಚ್ಚುವುದಿಲ್ಲ. ಅಳತೆಯೇ ಬೇಕು ಎಂದು ನಾನು ಹಟ ಹಿಡಿಯುವುದು ಇದರಿಂದ. ಸಂಖ್ಯೆ ಬೇಕಾದ ಕ್ಷಣ ಸಮೀಕರಣವಿಲ್ಲದೆ ಹೆಜ್ಜೆ ಮುಂದಿಡಲಾಗದು.

ಹುಣಸೆಹಣ್ಣನ್ನೇ ನೋಡಿ. ಎರಡು ಅಂಗಡಿಗಳ ಹುಣಸೆಹಣ್ಣಿನಲ್ಲಿ ಯಾವುದು ಹೆಚ್ಚು ಹುಳಿ ಎಂದು ನಾಲಿಗೆ ಹೇಳಬಲ್ಲದು. ಎಷ್ಟು ಪಾಲು ಹೆಚ್ಚು ಎಂದು ಹೇಳಲಾರದು. ತಿರುಳನ್ನು ನೀರಿನಲ್ಲಿ ಕಿವುಚಿ ಸೋಸಿ, ತೂಗಿಟ್ಟ ಅಡುಗೆ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ, ನೊರೆ ನಿಂತಾಗ ಎಷ್ಟು ಖರ್ಚಾಯಿತೆಂದು ನೋಡಬಹುದು. ಈಗ ಲೆಕ್ಕ. ಟಾರ್ಟಾರಿಕ್ ಆಮ್ಲದ ಒಂದು ಅಣುವಿಗೆ ಬಿಟ್ಟುಕೊಡಬಲ್ಲ ಹೈಡ್ರೋಜನ್ ಎರಡು, ಆದ್ದರಿಂದ ಸೋಡಾ ಎರಡು ಬೇಕು. 150 ಗ್ರಾಂ ಆಮ್ಲಕ್ಕೆ 168 ಗ್ರಾಂ ಸೋಡಾ. ಹತ್ತು ಗ್ರಾಂ ತಿರುಳಿನಲ್ಲಿ ನೂರಕ್ಕೆ 12ರಷ್ಟು ಆಮ್ಲವಿದ್ದರೆ 1.34 ಗ್ರಾಂ ಸೋಡಾ ಹೋಗಬೇಕು. ಮೋಲ್ ಎಂಬ ಕಲ್ಪನೆ ಪುಸ್ತಕದಲ್ಲಿ ಆಕಾಶದಿಂದ ಉದುರಿದಂತೆ ಬರುತ್ತದೆ; ಇಲ್ಲಿ ಅದು ಬೇಕೇ ಬೇಕಾಗುತ್ತದೆ. ಸೊಗಸೆಂದರೆ ಉತ್ತರ ನಿರೀಕ್ಷೆಗಿಂತ ಕಡಿಮೆ ಬರುವ ಸಾಧ್ಯತೆಯೇ ಹೆಚ್ಚು. ಹುಣಸೆಯ ಆಮ್ಲದಲ್ಲಿ ಒಂದು ಪಾಲು ಆಗಲೇ ಪೊಟ್ಯಾಸಿಯಂ ಜೊತೆ ಲವಣವಾಗಿ ಕೂಡಿಕೊಂಡಿರುತ್ತದೆ, ನೊರೆ ನಿಂತ ಕ್ಷಣವನ್ನು ಒಬ್ಬೊಬ್ಬರು ಒಂದೊಂದು ಕಡೆ ಗುರುತಿಸುತ್ತಾರೆ. ಆರು ಗುಂಪುಗಳಿಗೆ ಆರು ಉತ್ತರ ಬಂದಾಗ ತರಗತಿ ಮಾಡಬೇಕಾದ ಮಾತುಕತೆಯೇ ಆ ಪಾಠ.

ಈ ವಿಚಾರಕ್ಕೆ ಹೈದರಾಬಾದಿನಲ್ಲೇ ಒಂದು ಎಳೆಯಿದೆ. 1937ರ ಅಕ್ಟೋಬರಿನಲ್ಲಿ ವರ್ಧಾದಲ್ಲಿ ಗಾಂಧೀಜಿ ಕರೆದ ಶಿಕ್ಷಣ ಸಮ್ಮೇಳನ ನೇಮಿಸಿದ ಸಮಿತಿಯ ಅಧ್ಯಕ್ಷರು ಜಾಕಿರ್ ಹುಸೇನ್. ಅವರು 1897ರಲ್ಲಿ ಹುಟ್ಟಿದ್ದು ಇದೇ ನಗರದಲ್ಲಿ. ಒಂದು ಕಸುಬನ್ನು ನಡುವೆ ಇಟ್ಟುಕೊಂಡು ಅದರ ಸುತ್ತ ಗಣಿತ, ವಿಜ್ಞಾನ, ಭಾಷೆಗಳನ್ನು ಕಲಿಸುವ ‘ನಯೀ ತಾಲೀಮ್’ ಯೋಜನೆ ಆ ಸಮಿತಿಯ ವರದಿಯಲ್ಲಿ ರೂಪ ಪಡೆಯಿತು. ನೂಲಿಗೆ ಬಣ್ಣ ಹಾಕುವಾಗ ಪಟಿಕ ಏಕೆ ಬೇಕು ಎಂದು ಕೇಳಿದರೆ ರಸಾಯನಶಾಸ್ತ್ರ ಅಲ್ಲೇ ಶುರುವಾಗುತ್ತದೆ. ಆದರೆ ನಡೆದದ್ದು ಬೇರೆ. ಚರಕದ ಕೆಲಸ ಒಂದು ಪೀರಿಯಡ್ ಆಯಿತು, ಪಾಠ ಇನ್ನೊಂದು ಪೀರಿಯಡ್ ಆಗಿಯೇ ಉಳಿಯಿತು. ಎರಡರ ನಡುವೆ ಸೇತುವೆ ಕಟ್ಟುವ ಶಿಕ್ಷಕರು ಸಾಕಷ್ಟು ತಯಾರಾಗಲಿಲ್ಲ. ಪಟ್ಟಣದ ತಂದೆತಾಯಿಗಳಿಗೆ ಅದು ಬಡವರ ಶಾಲೆ ಎನಿಸಿತು. 1964-66ರ ಕೊಠಾರಿ ಆಯೋಗದಲ್ಲಿ ಅದು ‘ಕಾರ್ಯಾನುಭವ’ವಾಯಿತು, 1977ರ ಈಶ್ವರಭಾಯಿ ಪಟೇಲ್ ಸಮಿತಿಯ ನಂತರ ಎಸ್.ಯು.ಪಿ.ಡಬ್ಲ್ಯು. (ಸಮಾಜೋಪಯೋಗಿ ಉತ್ಪಾದಕ ಕಾರ್ಯ) ಆಯಿತು, ಕೊನೆಗೆ ಐದು ಅಂಕದ ಪ್ರಾಜೆಕ್ಟ್ ಆಯಿತು. ಪ್ರತಿ ಮಜಲಿನಲ್ಲೂ ಅಂತಿಮ ಪರೀಕ್ಷೆಯನ್ನು ಯಾರೂ ಮುಟ್ಟಲಿಲ್ಲ.

ಮುಟ್ಟಿದವರು ಇದ್ದರು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಆರಂಭಿಸಿದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ 1978ರಲ್ಲಿ ಇಡೀ ಜಿಲ್ಲೆಗೆ ಹಬ್ಬಿತು, 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಮುಂದುವರಿಸಿತು. ಮಕ್ಕಳು ಪ್ರಯೋಗ ಮಾಡಿ ಕಲಿತರು, ಶಿಕ್ಷಕರು ತಿಂಗಳಿಗೊಮ್ಮೆ ಸೇರಿ ತಮ್ಮ ಪೇಚಾಟಗಳನ್ನು ಚರ್ಚಿಸಿದರು, ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಲು ಅವಕಾಶವಿತ್ತು, ಪ್ರಾಯೋಗಿಕ ಪರೀಕ್ಷೆ ಬೇರೆ. ಮೂವತ್ತು ವರ್ಷ ಸರ್ಕಾರಿ ಶಾಲೆಗಳಲ್ಲೇ ನಡೆಯಿತು. 2002ರಲ್ಲಿ ಸರ್ಕಾರವೇ ಅದನ್ನು ಮುಚ್ಚಿತು. ಮುಚ್ಚಿದ್ದನ್ನು ಸೋಲು ಎನ್ನುವವರಿದ್ದಾರೆ. ಮೂವತ್ತು ವರ್ಷ ನಡೆದದ್ದು ಹಳ್ಳಿಯ ಸಾಮಾನ್ಯ ಶಾಲೆಗಳಲ್ಲಿ, ಸಾಮಾನ್ಯ ಶಿಕ್ಷಕರಿಂದ ಎಂಬುದು ನನಗೆ ಹೆಚ್ಚು ತೂಕದ ಸಂಗತಿ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವೂ ಇದೇ ಮಾತಿಗೆ ಸಾಕ್ಷಿ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಆಸರೆಯಲ್ಲಿ ಹತ್ತರಿಂದ ಹದಿನೇಳರ ಮಕ್ಕಳು ತಮ್ಮೂರಿನ ಸಮಸ್ಯೆ ಹಿಡಿದು ತಿಂಗಳುಗಟ್ಟಲೆ ಕೆಲಸ ಮಾಡಿ ಕನ್ನಡದಲ್ಲೇ ವರದಿ ಮಂಡಿಸುತ್ತಾರೆ. ಕೊರತೆಯೆಂದರೆ ಅದು ಶಾಲೆಗೆ ಐದಾರು ಚುರುಕು ಮಕ್ಕಳ ಭಾಗ್ಯ. ಉಳಿದವರು ಆ ವೇಳೆಯಲ್ಲಿ ನೋಟ್ಸ್ ಬರೆಯುತ್ತಿರುತ್ತಾರೆ.

ಕರ್ನಾಟಕ-ತೆಲಂಗಾಣ ಗಡಿಯ ಈಚೆ ಆಚೆ ಪ್ರಶ್ನೆಗಳಿಗೇನೂ ಬರವಿಲ್ಲ. ಬೀದರಿನ ಬಿದರಿ ಪಾತ್ರೆಯ ಮೈ ಸತುವೇ ಹೆಚ್ಚಿರುವ, ಸ್ವಲ್ಪ ತಾಮ್ರ ಬೆರೆಸಿದ ಮಿಶ್ರಲೋಹ. ಬೆಳ್ಳಿಯ ಕುಸುರಿ ಕೂರಿಸಿದ ಮೇಲೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಸೇರಿಸಿದ ಬಿಸಿ ದ್ರಾವಣದಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಉಳಿಯುತ್ತದೆ. ಮೇಲ್ಮೈಯ ಸತು ಕರಗಿ, ಉಳಿದ ತಾಮ್ರ ಆಕ್ಸೈಡಾಗುವುದರಿಂದ ಹೀಗಾಗುತ್ತದೆ ಎಂಬುದು ಸಾಮಾನ್ಯ ವಿವರಣೆ. ಕೋಟೆಯ ಮಣ್ಣೇ ಏಕೆ? ಶಾಲೆಯ ಅಂಗಳದ ಮಣ್ಣು ಹಾಕಿದರೆ? ಮಣ್ಣಿನ ಬದಲು ನೇರವಾಗಿ ನೈಟ್ರೇಟ್ ಲವಣ ಹಾಕಿದರೆ? ಒಂದನ್ನು ಬದಲಿಸಿ ಉಳಿದದ್ದನ್ನು ಹಾಗೆಯೇ ಇಡುವುದೆಂದರೆ ಏನೆಂದು ಕಲಿಸಲು ಇದಕ್ಕಿಂತ ಚೆಂದದ ವಸ್ತು ಕಾಣೆ. ಹೈದರಾಬಾದಿನಿಂದ ನೂರು ಕಿಲೋಮೀಟರ್ ಆಸುಪಾಸಿನ ನಲ್ಗೊಂಡದ ಹೆಸರನ್ನು ಹೊತ್ತ ಫ್ಲೋರೈಡ್ ನಿವಾರಣಾ ವಿಧಾನವೂ ಇದೆ. ನಾಗಪುರದ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ‘ನೀರಿ’ ರೂಪಿಸಿದ ಈ ವಿಧಾನದಲ್ಲಿ ಬಳಸುವುದು ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ. ಕೋಲಾರ, ಪಾವಗಡ, ರಾಯಚೂರಿನ ಮಕ್ಕಳಿಗೆ ಅದು ಮನೆಯ ಕೊಡದ ಪ್ರಶ್ನೆ.

ಸಮಯವೆಲ್ಲಿದೆ ಎನ್ನುವ ಶಿಕ್ಷಕರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಪ್ರತಿ ಪಾಠಕ್ಕೂ ಪ್ರಾಜೆಕ್ಟ್ ಎಂದರೆ ಮಾರ್ಚ್ ಬರುವಾಗ ಅರ್ಧ ಪುಸ್ತಕ ಉಳಿದಿರುತ್ತದೆ. ಆದ್ದರಿಂದ ವರ್ಷಕ್ಕೆ ಎರಡೇ ಸಾಕು ಎಂಬುದು ನನ್ನ ಅಭಿಪ್ರಾಯ. ಆಮ್ಲ-ಪ್ರತ್ಯಾಮ್ಲ-ಲವಣಗಳಲ್ಲಿ ಒಂದು, ಲೋಹಗಳಲ್ಲಿ ಒಂದು. ಆವರ್ತ ಕೋಷ್ಟಕವನ್ನೋ ಇಲೆಕ್ಟ್ರಾನ್ ವಿನ್ಯಾಸವನ್ನೋ ಕಪ್ಪು ಹಲಗೆಯ ಮುಂದೆ ನಿಂತು ಚೆನ್ನಾಗಿ ವಿವರಿಸುವುದೇ ಮೇಲು, ಅದಕ್ಕೆ ಪ್ರಾಜೆಕ್ಟಿನ ವೇಷ ಹಾಕಬೇಕಿಲ್ಲ. ಇಂಗ್ಲೆಂಡಿನ ವರದಿ ಎತ್ತಿದ ಬಡ ಮಕ್ಕಳ ಪ್ರಶ್ನೆಗೂ ಉತ್ತರ ಸರಳವಾಗಿದೆ: ಪ್ರಾಜೆಕ್ಟನ್ನು ಮನೆಗೆ ಕಳಿಸಬಾರದು. ಮನೆಗೆ ಹೋದ ಪ್ರಾಜೆಕ್ಟನ್ನು ಓದಿದ ಅಪ್ಪಅಮ್ಮ ಮಾಡುತ್ತಾರೆ, ಇಲ್ಲವೇ ದುಡ್ಡು ಕೊಟ್ಟು ತರಿಸುತ್ತಾರೆ. ಹಮಾಲಿಯ ಮಗಳಿಗೆ ಎರಡೂ ಇಲ್ಲ. ವಸ್ತು ಶಾಲೆಯದು, ಕೆಲಸ ಶಾಲೆಯ ವೇಳೆಯಲ್ಲಿ, ನೋಟ್‌ಬುಕ್ ಶಾಲೆಯ ಬೀರುವಿನಲ್ಲಿ. ಹಾಗಾದಾಗ ಆ ಹಮಾಲಿಯ ಮಗಳಿಗೆ ಒಂದು ಮೇಲುಗೈಯೂ ಸಿಗಬಹುದು, ಯಾವ ಪಟಿಕ ಎಲ್ಲಿಂದ ಬರುತ್ತದೆ ಎಂದು ಅವಳ ಮನೆಯಲ್ಲಿ ಗೊತ್ತಿರುತ್ತದೆ.

ಪೇಟೆಯವರ ಅಳುಕು ಬೇರೆ. ಮಕ್ಕಳು ಅರಿಶಿನ, ಖಾರದ ಪುಡಿ ಪರೀಕ್ಷಿಸಿ ‘ಕಲಬೆರಕೆ’ ಎಂದು ಬರೆದರೆ ಅಂಗಡಿಯ ಹೆಸರು ಕೆಡುವುದಿಲ್ಲವೇ? ಕೆಡುತ್ತದೆ, ಅದೂ ಅನ್ಯಾಯವಾಗಿ ಕೆಡಬಹುದು. ಅರಿಶಿನಕ್ಕೆ ಮೆಟಾನಿಲ್ ಯೆಲ್ಲೋ ಎಂಬ ಬಣ್ಣ ಬೆರೆಸಿದ್ದಾರೆಯೇ ಎಂದು ತಿಳಿಯಲು ಹೈಡ್ರೋಕ್ಲೋರಿಕ್ ಆಮ್ಲ ಹಾಕುತ್ತಾರೆ, ಗುಲಾಬಿ ಬಣ್ಣ ಬಂದರೆ ಕಲಬೆರಕೆ ಎಂಬುದು ಜನಜನಿತ. ಆದರೆ ಶುದ್ಧ ಅರಿಶಿನವೂ ಗಾಢ ಆಮ್ಲದಲ್ಲಿ ಗುಲಾಬಿಯಾಗುತ್ತದೆ. ನೀರು ಹಾಕಿ ತೆಳುಮಾಡಿದಾಗ ಆ ಬಣ್ಣ ಮಾಯವಾದರೆ ಅರಿಶಿನದ್ದು, ಹಾಗೆಯೇ ಉಳಿದರೆ ಮೆಟಾನಿಲ್‌ದು. ಎರಡನೆಯ ಹೆಜ್ಜೆ ಮರೆತವನು ನಿರಪರಾಧಿಯ ಮೇಲೆ ಆರೋಪ ಹೊರಿಸುತ್ತಾನೆ. ಇದನ್ನು ಶಾಲೆಯಲ್ಲಿ ಕಲಿಯದ ಸಮಾಜ ವಾಟ್ಸಾಪಿನ ವಿಡಿಯೊದಲ್ಲಿ ಕಲಿಯುತ್ತದೆ, ಅಂಗಡಿಯವನಿಗೆ ಅದೇ ಹೆಚ್ಚಿನ ಅಪಾಯ. ಸೀಸದ ಕ್ರೋಮೇಟಿನಂಥ ನಿಜವಾದ ವಿಷದ ಪತ್ತೆಯನ್ನು ಶಾಲೆ ಕೈಗೆತ್ತಿಕೊಳ್ಳಬಾರದು. ಬಾಂಗ್ಲಾದೇಶದಲ್ಲಿ 2019ರಲ್ಲಿ ಪೇಟೆಯ ಅರಿಶಿನದ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸ ಸಿಕ್ಕಿತ್ತು, 2021ರ ಹೊತ್ತಿಗೆ ಅದು ಸೊನ್ನೆಗೆ ಇಳಿಯಿತು. ಇಳಿಸಿದ್ದು ವಿಜ್ಞಾನಿಗಳ ಉಪಕರಣ, ಸರ್ಕಾರದ ದಂಡ, ಜನರ ಜಾಗೃತಿ ಮೂರೂ ಕೂಡಿ. ನಮ್ಮಲ್ಲೂ 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನಡಿ ಕೊಂಡ ಗ್ರಾಹಕ ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಶಾಲೆಯ ವರದಿಯಲ್ಲಿ ಮಾದರಿಗಳಿಗೆ ಅಂಗಡಿಯ ಹೆಸರಿನ ಬದಲು ಕ, ಖ, ಗ ಎಂದಿದ್ದರೆ ಸಾಕು.

ಸುರಕ್ಷತೆಯಲ್ಲಿ ರಾಜಿಯಿಲ್ಲ. ಕಲಾಯಿ ಹಾಕುವಾಗ ಕಾದ ಪಾತ್ರೆಗೆ ಎರಚಿದ ನವಸಾಗರ ಒಡೆದು ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ. ಲೋಹದ ಮೇಲಿನ ಆಕ್ಸೈಡನ್ನು ಅದು ತಿನ್ನುವುದರಿಂದಲೇ 232 ಡಿಗ್ರಿಯಲ್ಲಿ ಕರಗಿದ ತವರ ಮೈಗೆ ಹತ್ತುತ್ತದೆ. ಇದನ್ನು ಕಸುಬುದಾರ ಮಾಡಬೇಕು, ಮಕ್ಕಳು ಬಯಲಿನಲ್ಲಿ ದೂರ ನಿಂತು ನೋಡಬೇಕು. ಹೊಸ ಶಿಕ್ಷಣ ನೀತಿ 6ರಿಂದ 8ನೇ ತರಗತಿಗೆ ಹೇಳಿರುವ ಹತ್ತು ದಿನಗಳ ಬ್ಯಾಗಿಲ್ಲದ ಕಲಿಕೆಗೆ ಕಲಾಯಿಯವರನ್ನು ಶಾಲೆಗೆ ಕರೆಯುವುದು ತಕ್ಕ ಕೆಲಸ. ಗೌರವಧನ ಕೊಟ್ಟು ಕರೆಯಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ. ಗಾಢ ಆಮ್ಲ, ಕಾಸ್ಟಿಕ್ ಸೋಡಾ ಶಿಕ್ಷಕರ ಕೈಯಲ್ಲಷ್ಟೇ ಇರಲಿ. ಅಮೋನಿಯಾ ಕಿಟಕಿಯ ಬಳಿ. ಪರೀಕ್ಷೆಗೆ ಬಂದ ಯಾವ ವಸ್ತುವೂ ಬಾಯಿಗೆ ಹೋಗಬಾರದು, ಅದು ಅಡುಗೆಮನೆಯ ಅರಿಶಿನವೇ ಆಗಿರಲಿ.

ಉಳಿದದ್ದು ಪರೀಕ್ಷಾ ಮಂಡಳಿಯ ಬಾಗಿಲು. ಶಾಲೆ ಎಷ್ಟೇ ಚೆನ್ನಾಗಿ ಮಾಡಲಿ, ಅಂತಿಮ ಪತ್ರಿಕೆ ‘ತಾಮ್ರವು ಸಾರರಿಕ್ತ ಆಮ್ಲದೊಡನೆ ವರ್ತಿಸುವುದಿಲ್ಲ, ಕಾರಣ ಕೊಡಿ’ ಎಂದಷ್ಟೇ ಕೇಳುತ್ತಿದ್ದರೆ ತಂದೆತಾಯಿಗಳು ವಿನೆಗರ್ ಸೀಸೆಯನ್ನು ಕಾಲಹರಣ ಎಂದೇ ನೋಡುತ್ತಾರೆ, ಅವರನ್ನು ದೂರಲಾಗದು. ಅದೇ ಪತ್ರಿಕೆಯಲ್ಲಿ ನಾಲ್ಕು ಅಂಕಕ್ಕೆ ಎರಡು ಸೀಸೆಗಳ ಚಿತ್ರ ಕೊಟ್ಟು, ಒಂದರಲ್ಲಿ ಗಾಳಿಯಿದೆ, ಇನ್ನೊಂದರಲ್ಲಿಲ್ಲ, ಒಂದು ವಾರದ ನಂತರದ ಬಣ್ಣ ಹೀಗಿದೆ, ಈ ಫಲಿತಾಂಶದಿಂದ ಏನು ಹೇಳಬಹುದು, ಏನು ಹೇಳಲಾಗದು ಎಂದು ಕೇಳಲಿ. ಪ್ರಶ್ನೆ ಹಾಕಲು ಹೊಸ ಪಠ್ಯಪುಸ್ತಕ ಬೇಡ, ಹೊಸ ಪ್ರಯೋಗಾಲಯ ಬೇಡ, ಅನುದಾನವೂ ಬೇಡ. ಒಂದು ವರ್ಷ ಹಾಗೆ ಬಂದರೆ ಸಾಕು, ಮುಂದಿನ ಜೂನ್‌ನಲ್ಲಿ ಹೈದರಾಬಾದಿನ ಕೋಠಿಯಿಂದ ಕುಕಟ್‌ಪಲ್ಲಿಯವರೆಗಿನ ಟ್ಯೂಷನ್ ಸೆಂಟರುಗಳೇ ತಾಮ್ರದ ತಂತಿ ಹುಡುಕಿಕೊಂಡು ಪೇಟೆಗೆ ಬರುತ್ತವೆ.